ಕಾಕಾ ಹೇಳದೆ ಹೋದ ಹೆಸರು

ಹೋದ ವಾರ ನಮ್ಮ ಕಾಲೇಜಿನ ಸ್ಟೋರ್ ರೂಮು ಖಾಲಿ ಮಾಡಿಸುವಾಗ ಹಳೆಯ ಕಂಪ್ಯೂಟರೊಂದು ಸಿಕ್ಕಿತು. ದಪ್ಪ ಬೆನ್ನಿನ ಮಾನಿಟರು, ಹಳದಿಗೆ ತಿರುಗಿದ ಡಬ್ಬಿ. ಗುಜರಿಗೆ ಹಾಕುವ ಮೊದಲು ಒಮ್ಮೆ ನೋಡೋಣವೆಂದು ಪ್ಯೂನ್ ಅದಕ್ಕೆ ಕರೆಂಟು ಕೊಟ್ಟ. ಪರದೆ ಬೆಳಗಲಿಲ್ಲ. ಆದರೆ ಒಳಗಿನ ಫ್ಯಾನು ಗರ್ ಎಂದು ತಿರುಗಿತು, ವರ್ಷಗಳ ಧೂಳು ಕಾಯಿತು, ಒಂದು ವಾಸನೆ ಹೊರಬಂತು. ಬಿಸಿ ಪ್ಲಾಸ್ಟಿಕ್ಕು, ಸುಟ್ಟ ಧೂಳು, ಅದರ ಹಿಂದೆ ಎಲ್ಲೋ ಸ್ವಲ್ಪ ಊದಿನಕಡ್ಡಿ... ಊದಿನಕಡ್ಡಿಯನ್ನು ನನ್ನ ಮನಸ್ಸೇ ಸೇರಿಸಿಕೊಂಡಿರಬೇಕು. ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ.

"ಯಾಕ್ರಿ ಮೇಡಮ್ಮಾರ, ಚಕ್ಕರ್ ಬಂತೇನ್ರಿ?" ಎಂದ ಪ್ಯೂನ್.

ಇಲ್ಲ ಎಂದೆ. ಬೆನ್ನ ಹಿಂದೆ ಯಾರೋ ಶಟರ್ ಎಳೆದಂತಾಗಿ ತಿರುಗಿ ನೋಡಿದೆ. ಯಾರೂ ಇರಲಿಲ್ಲ.

ಆ ವಾಸನೆ ಸೈಬರ್ ಕಾಕಾರ ಅಂಗಡಿಯದು.

ಎರಡು ಸಾವಿರದ ಐದರ ಆಸುಪಾಸು ನಾನು ಬಿ.ಎಸ್ಸಿ. ಓದುತ್ತಿದ್ದೆ. ಚಿಕ್ಕೋಡಿಯಿಂದ ನಿಪ್ಪಾಣಿಗೆ ಹೋಗುವ ರಸ್ತೆಯ ಒಂದು ನಾಕಾದಲ್ಲಿ, ದಾರಿಗಳು ಕೂಡುವ ಕಡೆ, ಗೊಬ್ಬರದ ಅಂಗಡಿಗೂ ಚಹಾದ ಅಂಗಡಿಗೂ ನಡುವೆ, ನೀಲಿ ಬೋರ್ಡಿನ ಒಂದು ಸೈಬರ್ ಕೆಫೆ ಇತ್ತು. ಅದರ ಮಾಲೀಕರನ್ನು ಊರೆಲ್ಲ ಕಾಕಾ ಎನ್ನುತ್ತಿತ್ತು. ಡಿಪ್ಲೊಮಾ ಮುಗಿಸಿ ಕೊಲ್ಲಾಪುರದಲ್ಲಿ ಕೆಲ ವರ್ಷ ದುಡಿದು, ಅಲ್ಲಿನ ಸಾಹೇಬರ ಜೊತೆ ಜಗಳವಾಡಿ ಬಂದವರು. ಕಂಪ್ಯೂಟರಿನ ವಿಷಯದಲ್ಲಿ ಅವರದು ವ್ಯಾಪಾರಕ್ಕಿಂತ ಹೆಚ್ಚು ಹುಚ್ಚು. ಸದಾ ಯಾವುದಾದರೂ ಒಂದು ಡಬ್ಬಿ ಬಿಚ್ಚಿಕೊಂಡು ಕೂತಿರುತ್ತಿದ್ದರು. ಬಾಯಿ ಮಾತ್ರ ಸುಮ್ಮನಿರುತ್ತಿರಲಿಲ್ಲ. ಜಗತ್ತಿನ ಪ್ರತಿಯೊಂದು ವಿಷಯದ ಮೇಲೂ ಅವರಿಗೊಂದು ಅಭಿಪ್ರಾಯವಿತ್ತು, ಮತ್ತು ಅದನ್ನು ಯಾರೂ ಕೇಳಬೇಕಾಗಿರಲಿಲ್ಲ.

"ಈ ತಾಲೂಕಿನ್ಯಾಗ ಕದ್ದ ಸಾಫ್ಟ್‌ವೇರ್ ಇಲ್ಲದ ಕಂಪ್ಯೂಟರ್ ಎರಡ ಅದಾವು" ಅನ್ನುತ್ತಿದ್ದರು. "ಒಂದು ನಂದು. ಇನ್ನೊಂದು ಕೆಟ್ಟ ಬಿದ್ದೈತಿ."

ಅವರದರಲ್ಲಿ ಲಿನಕ್ಸ್ ಇತ್ತು. ಯಾರು ಬೇಕಾದರೂ ಪುಕ್ಕಟೆ ಹಾಕಿಕೊಳ್ಳಬಹುದಾದ, ಬೇಕಾದರೆ ಒಳಗೇನಿದೆ ಎಂದು ಬಿಚ್ಚಿ ನೋಡಬಹುದಾದ ವ್ಯವಸ್ಥೆ ಎಂದು ಬಂದವರಿಗೆಲ್ಲ ವಿವರಿಸುತ್ತಿದ್ದರು. ಬಂದವರಿಗೆ ಅದು ಬೇಡವಾಗಿತ್ತು. ಹೊಸ ಕಂಪ್ಯೂಟರ್ ತಂದವರು ಅದಕ್ಕೆ ನಿಂಬೆಹಣ್ಣು ಕಟ್ಟಿ, ಕುಂಕುಮ ಹಚ್ಚಿ, "ಕಾಕಾ, ಒಂದು ಆಂಟಿವೈರಸ್ ಹಾಕ್ರಿ" ಎನ್ನುತ್ತಿದ್ದರು. "ನಿಂಬಿಹಣ್ಣ ಕಟ್ಟೀರಲ್ಲ, ಸಾಕು ಬಿಡ್ರಿ. ಅದೂ ಅಷ್ಟ ಕಾಯ್ತೈತಿ, ಮತ್ತ ಮಷೀನ್ ಸ್ಲೋ ಮಾಡೂದಿಲ್ಲ" ಎಂದು ಕಾಕಾ ಗಂಭೀರವಾಗಿಯೇ ಹೇಳುತ್ತಿದ್ದರು. ಜನ ನಗಬೇಕೋ ಬೇಡವೋ ತಿಳಿಯದೆ ನಿಲ್ಲುತ್ತಿದ್ದರು.

ನಾನು ಮೊದಲ ಸಲ ಇ-ಮೇಲ್ ತೆರೆಯಲು ಹೋದಾಗ ಪಾಸ್‌ವರ್ಡ್ ಏನು ಇಡಲಿ ಎಂದು ಕೇಳಿದ್ದೆ. "ಎಲ್ಲಮ್ಮ ಒಂದು ಎರಡು ಮೂರು ಅಂತ ಮಾತ್ರ ಇಡಬ್ಯಾಡ ತಂಗಿ. ಕೊಕಟನೂರಿಂದ ನಿಪ್ಪಾಣಿತನಕಾ ಎಲ್ಲಾರ ಇ-ಮೇಲೂ ಆಕೀನ ಕಾಯಾಕತ್ತಾಳ. ಒಬ್ಬಾಕಿ ಎಷ್ಟಂತ ಕಾಯಬೇಕು?" ಎಂದರು. ನಾನು ಅದನ್ನೇ ಇಡಬೇಕೆಂದಿದ್ದೆ. ನಾಚಿಕೊಂಡು ಬೇರೆ ಇಟ್ಟೆ.

ರಿಸಲ್ಟಿನ ದಿನ ಆ ಅಂಗಡಿಯ ಮುಂದೆ ಕಾಲಿಡಲು ಜಾಗವಿರುತ್ತಿರಲಿಲ್ಲ. ಬೇರೆ ಸೈಬರ್‌ಗಳಲ್ಲಿ ಮಾಲೀಕರೇ ನಂಬರ್ ಹೊಡೆದು, ಇಂಥವಳು ಪಾಸು ಇಂಥವನು ಫೇಲು ಎಂದು ಕೂಗಿ ಹೇಳುವುದು ರೂಢಿ. ಕಾಕಾ ಮಾತ್ರ ಮಾನಿಟರನ್ನು ನಮ್ಮ ಕಡೆ ತಿರುಗಿಸಿ, ತಾವು ಗೋಡೆ ಕಡೆ ಮುಖ ಮಾಡಿ ನಿಲ್ಲುತ್ತಿದ್ದರು. ಹೊರಗೆ ನಿಂತ ಅಪ್ಪಂದಿರು "ಏನಾತ್ರಿ ನಮ್ಮ ಹುಡುಗೀದು?" ಎಂದರೆ, "ಆಕೀಗಿ ಬಾಯಿ ಐತಿ, ಆಕೀನ ಹೇಳ್ತಾಳ" ಅನ್ನುವರು. ಅಪ್ಪಂದಿರಿಗೆ ಸಿಟ್ಟು ಬರುತ್ತಿತ್ತು. ನನಗೆ ಆ ತಿರುಗಿ ನಿಂತ ಬೆನ್ನು ಇವತ್ತಿಗೂ ಕಾಣುತ್ತದೆ.

ರಾಜಕೀಯ ಅವರ ಇನ್ನೊಂದು ಹುಚ್ಚು. ಸಕ್ಕರೆ ಕಾರ್ಖಾನೆಯ ಚುನಾವಣೆ ಬಂದರೆ ಎರಡೂ ಪ್ಯಾನೆಲ್ಲಿನವರು ಬ್ಯಾನರ್ ಮಾಡಿಸಲು ಅವರಲ್ಲಿಗೇ ಬರುತ್ತಿದ್ದರು. ಬೆಳಿಗ್ಗೆ ಒಬ್ಬರು, ಮಧ್ಯಾಹ್ನ ಇನ್ನೊಬ್ಬರು. "ಇಬ್ಬರದೂ ಒಂದ ಹಾರ್ಡ್ ಡಿಸ್ಕಿನ್ಯಾಗ ಬಾಜೂ ಬಾಜೂ ಮಲಗ್ಯಾವ ನೋಡು. ಜಗಳಾ ಏನಿದ್ರೂ ಹೊರಗ, ಬಿಸಿಲಾಗ ನಿಂತಾವ್ರದು" ಎಂದು ನನಗೆ ತೋರಿಸಿ ನಕ್ಕಿದ್ದರು. ಗಡಿಯ ಗಲಾಟೆ ಎದ್ದಾಗ, ಒಂದೇ ಕೀಬೋರ್ಡಿನಲ್ಲಿ ಬೆಳಿಗ್ಗೆ ಕನ್ನಡದ ಘೋಷಣೆ ಮಧ್ಯಾಹ್ನ ಮರಾಠಿ ಘೋಷಣೆ ಕುಟ್ಟುತ್ತ, "ಇಬ್ಬರದೂ ಸಿಟ್ಟ ಒಂದ, ಫಾಂಟ್ ಅಷ್ಟ ಬ್ಯಾರೆ" ಎನ್ನುತ್ತಿದ್ದರು. ಇಂಟರ್ನೆಟ್ ಬಗ್ಗೆ ಅವರ ಮಾತೊಂದು ನನ್ನ ತಲೆಯಲ್ಲಿ ಕೂತುಬಿಟ್ಟಿದೆ. "ಅದು ಬಸ್ ಸ್ಟ್ಯಾಂಡಿನ ಗ್ವಾಡಿ ಇದ್ದಂಗ ತಂಗಿ. ಯಾರ ಬೇಕಾದ್ರೂ ಬರೀತಾರ, ಎಲ್ಲಾರೂ ಓದ್ತಾರ. ಬರದಾಂವ ಮಾತ್ರ ಬಸ್ ಹತ್ತಿ ಹೋಗಿರ್ತಾನ."

ನಾನು ಓದು ಮುಗಿಸಿ ಅದೇ ಕಡೆಯ ಜೂನಿಯರ್ ಕಾಲೇಜೊಂದರಲ್ಲಿ ಪಾಠ ಹೇಳಲು ಸೇರಿದೆ. ಅಷ್ಟರಲ್ಲಿ ಸ್ಮಾರ್ಟ್ ಫೋನುಗಳು ಬಂದವು. ಕೆಫೆಗೆ ಬರುವವರು ಕಡಿಮೆಯಾದರು. ಆರು ಕಂಪ್ಯೂಟರುಗಳಲ್ಲಿ ಎರಡಷ್ಟೇ ಚಾಲೂ ಇದ್ದವು. ಕಾಕಾ ಸಿಮ್ ಮಾರಿದರು, ಕಬ್ಬಿನ ಟ್ರ್ಯಾಕ್ಟರಿನವರಿಗೆ ಹಾಡು ತುಂಬಿಕೊಟ್ಟರು, ನಮ್ಮಂಥವರ ಪ್ರಶ್ನೆಪತ್ರಿಕೆ ಟೈಪ್ ಮಾಡಿದರು. ಹೊಸ ಫೋನ್ ಕೊಂಡ ಹಿರಿಯರು ಅದನ್ನು 'ಚಾಲೂ ಮಾಡಿಸಿಕೊಳ್ಳಲು' ಅವರ ಬಳಿ ತರುತ್ತಿದ್ದರು. ಬೇಡಕಿಹಾಳದ ಕಡೆಯಿಂದಲೂ ಬರುತ್ತಿದ್ದರು. ಕಾಕಾ ಸಿಮ್ ಹಾಕಿ, ವಾಟ್ಸಾಪ್ ಹಾಕಿ, ಊರ ಗ್ರೂಪಿಗೆ ಸೇರಿಸಿ, ಹೂವಿನ ಚಿತ್ರ ಮುಂದೆ ಕಳಿಸುವುದು ಹೇಗೆಂದು ಬೆರಳು ಹಿಡಿದು ಕಲಿಸುವರು.

ವಾಟ್ಸಾಪ್ ಒಂದು ಫೋಟೊ ಕೇಳುತ್ತದಲ್ಲ, ಅಲ್ಲಿ ತೊಡಕಾಗುತ್ತಿತ್ತು. "ನನ್ನ ಮಾರಿ ಊರಿಗೆಲ್ಲಾ ಯಾಕ ತೋರಸ್ತಿಯೋ ಮಾರಾಯಾ" ಎಂದು ಹಿರಿಯರು ಒಪ್ಪುತ್ತಿರಲಿಲ್ಲ. ಕಾಕಾ ಆ ಜಾಗದಲ್ಲಿ ತಮ್ಮ ಅಂಗಡಿಯ ನೀಲಿ ಬೋರ್ಡಿನ ಫೋಟೊ ಹಾಕಿಬಿಡುತ್ತಿದ್ದರು. ಅದನ್ನು ಬದಲಿಸುವುದು ಯಾರಿಗೂ ಗೊತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಕೆಲವು ವರ್ಷಗಳಲ್ಲಿ ಸುತ್ತಿನ ಹಳ್ಳಿಗಳ ಎಷ್ಟೋ ಅಜ್ಜ ಅಜ್ಜಿಯರಿಗೆ, ಹೊಲದಲ್ಲಿ ದುಡಿಯುವವರಿಗೆ, ದನ ಕುರಿ ಮೇಯಿಸುವವರಿಗೆ ಫೋನಿನಲ್ಲಿ ಅದೇ ಒಂದು ಮುಖವಾಯಿತು. ಕಾಕಾರ ಬೋರ್ಡು.

ಇದು ಸರಿಯಲ್ಲ ಕಾಕಾ ಎಂದು ನಾನೊಮ್ಮೆ ತಮಾಷೆಯಾಗಿಯೇ ಹೇಳಿದ್ದೆ. "ಯಾಕ? ಇಲೆಕ್ಷನ್ನಿಗಿ ನಿಂತಾವನ ಮಾರಿ ಕಂಬಕ್ಕೊಂದು ಇರಬಹುದು, ನನ್ನ ಬೋರ್ಡ್ ಫೋನಿಗೊಂದು ಇರಬಾರದೇನು?" ಎಂದು ನಕ್ಕರು. ನಾನೂ ನಕ್ಕೆ...

ಅದು ಕಬ್ಬಿನ ಹಂಗಾಮು. ಮಧ್ಯಾಹ್ನ. ನಾನು ಪರೀಕ್ಷೆಯ ಪ್ರಶ್ನೆಪತ್ರಿಕೆ ಪ್ರಿಂಟ್ ಮಾಡಿಸಲು ಹೋಗಿದ್ದೆ. ಕರೆಂಟು ಹೋಗಿತ್ತು, ಯುಪಿಎಸ್ಸಿನ ಮೇಲೆ ಒಂದು ಕಂಪ್ಯೂಟರ್ ನಡೆದಿತ್ತು. ಪಕ್ಕದ ಚಹಾದ ಅಂಗಡಿಯವನು ಓಡಿ ಬಂದ.

"ಕಾಕಾ, ನಿಮ್ಮ ಬೋರ್ಡ್ ಇದ್ದ ನಂಬರಿಂದ ಗ್ರೂಪಿಗಿ ಏನೋ ಬಂದೈತಂತ. ಮಂದಿ ಸೇರಾಕತ್ತೈತಿ. ಶಟರ್ ಎಳಕೊಂಡ ಹಿಂದಿನ ಬಾಗಲದಿಂದ ಹೋಗ್ರಿ."

"ಹಿಂದ ಬಾಗಲಾನ ಇಲ್ಲಲೋ" ಎಂದರು ಕಾಕಾ.

ಬಂದದ್ದು ಒಂದು ಚಿತ್ರ. ಜನ ಕೈಮುಗಿಯುವ ಒಬ್ಬ ಮಹಾಪುರುಷರ ಚಿತ್ರವನ್ನು ಯಾರೋ ಹೊಲಸಾಗಿ ತಿದ್ದಿದ್ದರು, ಕೆಳಗೆ ನಾಲ್ಕು ಸಾಲು ಬರೆದಿದ್ದರು. ಯಾರ ಚಿತ್ರ, ಏನು ಸಾಲು ಎಂದು ನಾನು ಇಲ್ಲಿ ಬರೆಯುವುದಿಲ್ಲ. ಇಷ್ಟು ವರ್ಷಗಳಾದರೂ ಬರೆಯಲು ಕೈ ಬರುವುದಿಲ್ಲ. ಕಳಿಸಿದ ನಂಬರನ್ನು ಯಾರೂ ಸೇವ್ ಮಾಡಿಕೊಂಡಿರಲಿಲ್ಲ. ಒತ್ತಿ ನೋಡಿದರೆ ನೀಲಿ ಬೋರ್ಡು. ಅದರ ಫೋಟೊ ತೆಗೆದು ಒಬ್ಬ ಮತ್ತೊಬ್ಬನಿಗೆ ಕಳಿಸಿದ, ಅವನು ಇನ್ನೊಬ್ಬನಿಗೆ. ಬೈಕುಗಳು ಬಂದವು, ನಡೆದು ಬರುವವರು ಬಂದರು, ರಸ್ತೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳು ನಿಂತವು.

"ಕಾಕಾ, ಏನ ಮಾಡೀರಿ ಇದು?" ಎಂದ ಮುಂದೆ ನಿಂತ ಒಬ್ಬ. ಊರಿನವನೇ. ಕಾಕಾರ ಅಂಗಡಿಯಲ್ಲೇ ರಿಸಲ್ಟ್ ನೋಡಿದವನು.

"ನಾ ಏನ ಮಾಡೇನಪಾ?"

"ಬೋರ್ಡ್ ನಿಮ್ಮದ ಐತಿ."

"ಬೋರ್ಡ್ ನಂದ. ನಿಮ್ಮಪ್ಪನ ಫೋನಿನ್ಯಾಗೂ ಅದ ಬೋರ್ಡ್ ಐತಿ. ಹೋಗಿ ನೋಡು."

ಗುಂಪಿನಲ್ಲಿ ಕೆಲವರು ನಕ್ಕರು. ಆ ನಗು ಕೇಳಿ ಇದು ಇಲ್ಲಿಗೆ ಮುಗಿಯಿತು ಅಂದುಕೊಂಡೆ. ಎಷ್ಟೋ ಸಲ, ಎಚ್ಚರವಿದ್ದಾಗಲೂ, ನಾನು ಆ ನಗುವಿನಲ್ಲೇ ಎಲ್ಲವನ್ನೂ ನಿಲ್ಲಿಸಿ ನೋಡಿದ್ದೇನೆ. ಅದು ನಿಲ್ಲುವುದಿಲ್ಲ.

"ಹಂಗಾರ ಈ ನಂಬರ್ ಯಾರದು? ಫೋನ್ ಹಚ್ಚಿದ್ರ ಬಂದ್ ಐತಿ. ನೀವ ಚಾಲೂ ಮಾಡಿಕೊಟ್ಟಿದ್ದಂದ್ರ ನಿಮಗ ಗೊತ್ತಿರಬೇಕು."

ಕಾಕಾ ಫೋನ್ ಇಸಿದುಕೊಂಡರು. ಕನ್ನಡಕ ಹಣೆಗೇರಿಸಿ ಹತ್ತಿರ ಹಿಡಿದು ನೋಡಿದರು. ನಾನು ಅವರ ಪಕ್ಕದಲ್ಲೇ ಇದ್ದೆ. ಅವರ ಹೆಬ್ಬೆರಳು ಪರದೆಯ ಮೇಲೆ ತಡೆದು ನಿಂತದ್ದು ಕಂಡಿತು.

"ಗೊತ್ತೈತಿ."

"ಯಾರು?"

"ಹೇಳೂದಿಲ್ಲ."

ಮುಂದೆ ನಿಂತವನೇ, ದನಿ ತಗ್ಗಿಸಿ, "ಕಾಕಾ, ನಿಮ್ಮ ಮ್ಯಾಲ ನಮ್ಮದೇನೂ ಸಿಟ್ಟಿಲ್ಲ. ಹೆಸರ ಹೇಳ್ರಿ, ಹೋಗ್ತೀವಿ" ಎಂದ.

"ಎಲ್ಲಿ ಹೋಗ್ತೀರಿ, ಅದನ್ನ ಮೊದಲ ಹೇಳು."

ಹಿಂದಿನಿಂದ ಯಾರೋ "ಹೆಸರ ಹೇಳವಲ್ಲ ಅಂದ್ರ ಇವನ ಕಳಿಸ್ಯಾನ ಲೇ!" ಎಂದು ಕೂಗಿದ. ಕಲ್ಲೊಂದು ಬೋರ್ಡಿಗೆ ಬಡಿಯಿತು. ಗುಂಪಿನೊಳಗಿಂದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ "ಮೇಡಮ್, ನೀವ ಹೊರಗ ಬರ್ರಿ, ನಿಮಗ ಯಾರೂ ಏನೂ ಮಾಡೂದಿಲ್ಲ" ಎಂದ. ಅವನ ಕೈಯಲ್ಲೂ ಕಲ್ಲಿತ್ತು. "ಹೋಗ ತಂಗಿ" ಎಂದರು ಕಾಕಾ. ನಾನು ಅವರ ಪಕ್ಕದಲ್ಲೇ ನಿಂತೆ. ಇನ್ನೊಂದು ಕಲ್ಲು ಒಳಗೆ ಬಂದಾಗ ಅವರು ಶಟರ್ ಎಳೆದರು.

ಒಳಗೆ ಕತ್ತಲು. ಯುಪಿಎಸ್ಸು ಕುಂಯ್ ಕುಂಯ್ ಎನ್ನುತ್ತಿತ್ತು. ಹೊರಗಿನಿಂದ ಒದೆ ಬಿದ್ದಂತೆಲ್ಲ ಶಟರಿನ ತಗಡು ನಮ್ಮ ಕಡೆ ಉಬ್ಬಿ ಬರುತ್ತಿತ್ತು. ಕಾಕಾ ಪೊಲೀಸರಿಗೆ ಫೋನ್ ಮಾಡಿದರು. ಹೊರಟಿದ್ದೇವೆ ಎಂದರಂತೆ. ಫೋನ್ ಜೇಬಿಗೆ ಹಾಕುತ್ತ, "ರಿಸಲ್ಟಿನ ದಿನಾನೂ ಇಷ್ಟ ಮಂದಿ ಬಂದಿರಲಿಲ್ಲ ನಮ್ಮ ಅಂಗಡಿಗಿ" ಎಂದರು. ನಗಿಸಲು ನೋಡಿದ್ದು.

"ಹೇಳಿಬಿಡ್ರಿ ಕಾಕಾ" ಎಂದೆ. "ಯಾರೋ ಮಾಡಿದ್ದಕ್ಕ ನೀವ್ಯಾಕ..."

"ಅವಗ ಅಕ್ಷರ ಬರೂದಿಲ್ಲ ತಂಗಿ. ಕುರಿ ಹಿಂದ ತಿರುಗಾಡಾಂವ. ಬಂದದ್ದೆಲ್ಲಾ ಚೊಲೋದ ಅಂತ ತಿಳಕೊಂಡಾನ. ಹೂವಿನ ಚಿತ್ರದ ಗತೆ ಇದನ್ನೂ ಮುಂದ ನೂಕ್ಯಾನ. ನೂಕೂದು ಕಲಿಸಿದಾಂವ ನಾನ." ಶಟರಿನ ಕಡೆ ನೋಡುತ್ತ, "ಹೊಲದಾಗ ಒಂಟಿ ಮನಿ. ತಗಡಿಂದು. ಒಳಗ ಸಣ್ಣ ಮಕ್ಕಳ ಅದಾವ. ಅಲ್ಲಿ ಈ ಮಂದಿ ಹೋದ್ರ ಫೋನ್ ಮಾಡಾಕೂ ಯಾರೂ ಇಲ್ಲ" ಎಂದರು.

ಅಷ್ಟರಲ್ಲಿ ಒಂದು ವಾಸನೆ ಬಂತು. ಪೆಟ್ರೋಲು. ಶಟರಿನ ಕೆಳಗಿನ ಸಂದಿಯಿಂದ ತೆಳ್ಳಗೆ ಒಳಗೆ ಹರಿದು ನನ್ನ ಚಪ್ಪಲಿಯ ಹತ್ತಿರ ಬಂತು. ನಾನು ಕೂಗಿದೆನೋ ಇಲ್ಲವೋ ನೆನಪಿಲ್ಲ. ಕಾಕಾ ಅದನ್ನು ನೋಡಿದರು, ನನ್ನನ್ನು ನೋಡಿದರು, ಬಗ್ಗಿ ಎರಡೂ ಕೈಯಿಂದ ಶಟರ್ ಮೇಲಕ್ಕೆತ್ತಿದರು. "ಒಳಗ ಹೆಣ್ಣಮಗಳ ಅದಾಳ ಲೇ!" ಎಂದು ಕೂಗುತ್ತ ಬೆಳಕಿಗೆ ಹೋದರು.

ಯಾರೋ ನನ್ನ ರಟ್ಟೆ ಹಿಡಿದು ಚಹಾದ ಅಂಗಡಿಯೊಳಗೆ ತಳ್ಳಿದರು. ಅಲ್ಲಿಂದ ನನಗೆ ಕಂಡದ್ದು ಬೆನ್ನುಗಳು ಮಾತ್ರ. ಕೇಳಿದ್ದು ಒಂದೇ ಪ್ರಶ್ನೆ. "ಯಾರು? ಹೇಳ, ಯಾರು?" ಪ್ರತಿ ಏಟಿಗೂ ಅದೇ. ಅಷ್ಟು ಮಾತಿನ ಮನುಷ್ಯ, ಪ್ರತಿಯೊಂದಕ್ಕೂ ಉತ್ತರವಿದ್ದ ಮನುಷ್ಯ... ಅವರ ದನಿಗಾಗಿ ಕಿವಿಗೊಟ್ಟು ನಿಂತಿದ್ದೆ. ಕೇಳಿಸಲೇ ಇಲ್ಲ. ಮಾನಿಟರುಗಳು ರಸ್ತೆಗೆ ಬಿದ್ದು ಒಡೆಯುವ ಸದ್ದು ಕೇಳಿಸಿತು. ಆಮೇಲೆ ಪೊಲೀಸ್ ಜೀಪಿನ ಸದ್ದು. ಯಾರೂ ಕಡ್ಡಿ ಗೀರಿರಲಿಲ್ಲ. ಗೀರುವವನು ಜೀಪಿನ ಸದ್ದಿಗೆ ಕೈ ತಡೆದನೋ, ಕೂಗು ಕೇಳಿ ತಡೆದನೋ ಗೊತ್ತಿಲ್ಲ.

ಕಾಕಾರ ಕೈಯ ಮೂಳೆ ಮುರಿದಿತ್ತು, ಒಂದು ಕಿವಿ ಕೇಳಿಸದಾಯಿತು. ಕೇಸು ಎಲ್ಲೂ ಮುಟ್ಟಲಿಲ್ಲ. ಚಿತ್ರ ಕಳಿಸಿದ ಸಿಮ್ಮು ಬೇರೆ ಯಾರದೋ ಹೆಸರಿನಲ್ಲಿತ್ತಂತೆ. ಆ ಕಾಲದಲ್ಲಿ ಎಷ್ಟೋ ಸಿಮ್ಮುಗಳು ಹಾಗೆಯೇ ಇದ್ದವು. ಅದೇ ಚಿತ್ರ ಎಲ್ಲೋ ದೂರದಿಂದ ಹೊರಟು ನೂರಾರು ಫೋನು ದಾಟಿ ಬಂದದ್ದೆಂದು ಕೆಲವೇ ದಿನಗಳಲ್ಲಿ ಎಲ್ಲರಿಗೂ ತಿಳಿಯಿತು. ತಪ್ಪಾಯಿತು ಎಂದು ಯಾರೂ ಬರಲಿಲ್ಲ. ಫೋನ್ ಹ್ಯಾಂಗ್ ಆಗಿದೆ, ಸ್ವಲ್ಪ ನೋಡಿಕೊಡಿ ಎಂದು ಮಾತ್ರ ಒಂದಿಬ್ಬರು ಮನೆಗೆ ಬಂದರಂತೆ. ಕಾಕಾ ಒಂದೇ ಕೈಯಲ್ಲಿ ನೋಡಿಕೊಟ್ಟರಂತೆ.

ಆಸ್ಪತ್ರೆಯಲ್ಲಿ ನಾನು ಅವರ ಒಳ್ಳೆಯ ಕಿವಿಯ ಕಡೆ ಕೂತು ಕೇಳಿದ್ದೆ. "ಗೊತ್ತಿಲ್ಲ ಅಂದಿದ್ರ ಮುಗೀತಿತ್ತಲ್ಲ ಕಾಕಾ?"

"ಮುಗೀತಿದ್ದಿಲ್ಲ. ಗೊತ್ತಿಲ್ಲ ಅಂದಿದ್ರ ಮುಂದಿನ ಅಂಗಡಿಗಿ ಹೋಗಿ ಕೇಳ್ತಿದ್ರು, ಅದರ ಮುಂದಿನ ಊರಿಗಿ ಹೋಗ್ತಿದ್ರು. ಹುಡುಕಿದ್ರ ಸಿಗ್ತಿದ್ದ. ಗೊತ್ತೈತಿ ಅಂದ್ನಿ, ಅಲ್ಲೇ ನನ್ನ ಹಂತ್ಯಾಕ ನಿಂತ್ರು." ನೋವಿಗೆ ಕಣ್ಣು ಮುಚ್ಚಿ, "ಎಲ್ಲಿಯಾರ ಒಂದ ಕಡೆ ನಿಲ್ಲಬೇಕಲ್ಲ ತಂಗಿ, ಫಾರ್ವರ್ಡು" ಎಂದರು.

ಅದೇ ನಾನು ಅವರಿಂದ ಕೇಳಿದ ಕೊನೆಯ ಅಭಿಪ್ರಾಯ. ಆಮೇಲೆ ಅವರು ಮಾತನಾಡುವುದನ್ನೇ ಬಿಟ್ಟರು. ಚುನಾವಣೆ ಬಂತು, ಹೊಸ ಹೊಸ ಫೋನು ಬಂದವು, ಏನಾದರೂ ಕೇಳಿದರೆ ಕಿವಿ ಮುಟ್ಟಿ ತೋರಿಸಿ "ನೆಟ್‌ವರ್ಕ್ ಇಲ್ಲ" ಎನ್ನುತ್ತಿದ್ದರು. ಅಂಗಡಿ ಮತ್ತೆ ತೆರೆಯಲಿಲ್ಲ. ಕಾಕಾರ ಹೆಂಡತಿ ಕಾಕುವಿನ ತವರು ಕಾಗವಾಡದ ಕಡೆ. ಇಬ್ಬರೂ ಅಲ್ಲಿಗೆ ಹೋದರು. ಮೂರ್ನಾಲ್ಕು ವರ್ಷಗಳ ನಂತರ ಒಂದು ಬೆಳಿಗ್ಗೆ ಎದೆ ನೋವೆಂದು ಕೂತವರು ಏಳಲಿಲ್ಲವಂತೆ.

ಸುದ್ದಿ ತಿಳಿದು ಮಾತನಾಡಿಸಲು ಹೋಗಿದ್ದೆ. ಕಾಕು ನನ್ನನ್ನು ಒಳಗೆ ಕರೆದು, ಬಾಗಿಲು ಮುಂದೆ ಮಾಡಿ, "ನಿನಗರ ಹೇಳಿದ್ರೇನವಾ, ಯಾರಂತ?" ಎಂದು ಕೇಳಿದರು.

ಇಲ್ಲ ಎಂದೆ.

"ನನಗೂ ಹೇಳಲಿಲ್ಲ. ನಿದ್ದ್ಯಾಗರ ಅಂದಾರೇನ ಅಂತ ಕಿವಿ ಇಟಗೊಂಡ ಮಲಗಿರ್ತಿದ್ನಿ. ಸಿಗಲಿ ಅವಾ, ಒಂದ ಸಲ ಕೈ ಹಿಡದ ಜಗ್ಗಿ ಕೇಳೂಣು ಅಂತಿತ್ತು." ಸೆರಗಿನಿಂದ ಮುಖ ಒರೆಸಿಕೊಂಡರು. "ಈಗ ಅನಸ್ತೈತಿ, ಏನಂತ ಕೇಳ್ತಿದ್ನಿ? ಅವಗಾದ್ರೂ ಏನ ಗೊತ್ತೈತಿ."

ಏನೂ ಗೊತ್ತಿಲ್ಲ. ಅದನ್ನೇ ನಾನು ತಿರುಗಿ ತಿರುಗಿ ಯೋಚಿಸುವುದು. ಆ ಹೆಸರು ಗೊತ್ತಿದ್ದವರು ಒಬ್ಬರೇ ಇದ್ದರು, ಅವರು ಹೋದರು. ಆ ಮಧ್ಯಾಹ್ನ ತನ್ನ ಮನೆ ಉಳಿಯಿತೆಂದು ಆ ಮನುಷ್ಯನಿಗೆ ಗೊತ್ತಿಲ್ಲ. ಮಕ್ಕಳು ದೊಡ್ಡವರಾಗಿರುತ್ತಾರೆ. ಕುರಿ ಮಾರಲು ಸಂತೆಗೆ ಬರುತ್ತಿರಬಹುದು. ಸೈಬರ್ ಕಾಕಾಗೆ ಹೊಡೆದರಂತೆ ಎಂದು ಯಾರೋ ಹೇಳಿದಾಗ, ಅಯ್ಯೋ ಪಾಪ ಎಂದಿರಬಹುದು.

ನಿನ್ನೆ ರಾಯಬಾಗದಿಂದ ಬರುವಾಗ ಬಸ್ಸಿನಲ್ಲಿ ಪಕ್ಕದ ಸೀಟಿಗೆ ವಯಸ್ಸಾದವರೊಬ್ಬರು ಬಂದು ಕೂತರು. ಹೆಗಲ ಮೇಲೆ ಕಂಬಳಿ. ಸ್ವಲ್ಪ ದೂರ ಹೋದ ಮೇಲೆ ಫೋನ್ ನನ್ನ ಮುಂದೆ ಹಿಡಿದರು.

"ಯವ್ವಾ, ಇದರಾಗ ಏನ ಬರದಾರ ಸ್ವಲ್ಪ ಓದಿ ಹೇಳ."

ಇಂಥವರು ಆಗಾಗ ಸಿಗುತ್ತಾರೆ. ಸಿಕ್ಕಾಗಲೆಲ್ಲ ನಾನು ಮೊದಲು ಅವರ ಮುಖ ನೋಡುತ್ತೇನೆ. ಕೇಳಲು ಬಾಯಿ ಬರುವುದಿಲ್ಲ. ಏನೆಂದು ಕೇಳಲಿ? ಫೋನ್ ತೆಗೆದುಕೊಂಡೆ. ದೊಡ್ಡ ಕೆಂಪು ಗುಲಾಬಿ, ಕೆಳಗೆ ಒಂದಿಷ್ಟು ಸಾಲು. ಓದಿ ಹೇಳತೊಡಗಿದೆ.

"ಚೊಲೋದ ಐತೇನವಾ?" ಎಂದರು ನಡುವೆಯೇ, ಬೆರಳು ಮುಂದೆ ಮಾಡಿ. "ಮುಂದ ಕಳಸ್ಲ್ಯಾ?"

"ತಡೀರಿ ಅಜ್ಜಾ" ಎಂದೆ. "ಇನ್ನೂ ಪೂರ್ತಿ ಓದಿಲ್ಲ."